ಕನಿಷ್ಠ ವೇತನದಲ್ಲಿ ಬಾಡಿಗೆಯ ಲೆಕ್ಕ ಸರಿಯಿಲ್ಲ

ಮಾನ್ಯರೇ,

ಪೀಣ್ಯದ ಗಾರ್ಮೆಂಟ್ಸ್ ಗೇಟುಗಳಲ್ಲಿ ‘ಟೈಲರ್, ಹೆಲ್ಪರ್ ಬೇಕಾಗಿದ್ದಾರೆ’ ಎಂಬ ಬೋರ್ಡು ಆಗಾಗ ಕಾಣುತ್ತದೆ. ಜನ ಸಿಗುತ್ತಿಲ್ಲ ಅಂತ ಮಾಲೀಕರ ದೂರು. ಸಿಗುವುದಾದರೂ ಹೇಗೆ? ಊರಿಂದ ಬಂದವಳು ಮೊದಲ ಸಂಬಳ ನೋಡುವ ಮುಂಚೆಯೇ ಮನೆ ಅಡ್ವಾನ್ಸ್ ಎಣಿಸಬೇಕು. ಅದಕ್ಕೆ ಊರಲ್ಲೇ ಸಾಲ ಮಾಡಿಕೊಂಡು ಬಂದಿರುತ್ತಾಳೆ. ಇಷ್ಟಾಗಿ ನಮ್ಮ ಲಗ್ಗೆರೆ ಕಡೆ ಸಿಗುವುದು ಒಂದು ಶೀಟ್ ಮನೆ. ನಾಲ್ಕು ಸಂಸಾರಕ್ಕೆ ಒಂದೇ ಬಚ್ಚಲು, ನೀರಿಗೆ ಬೇರೆ ದುಡ್ಡು. ಇಡೀ ವಠಾರಕ್ಕೆ ಒಂದೇ ಕರೆಂಟ್ ಮೀಟರ್ ಇದ್ದರೆ ಗೃಹಜ್ಯೋತಿಯೂ ಅವಳ ಪಾಲಿಗಿಲ್ಲ.

ತಪ್ಪೆಲ್ಲ ಮನೆ ಓನರ್‌ಗಳದ್ದೇ ಅಂತ ನಾನು ಹೇಳುವುದಿಲ್ಲ. ಕನಿಷ್ಠ ವೇತನ ಲೆಕ್ಕ ಹಾಕುವುದರಲ್ಲೇ ಎಡವಟ್ಟಿದೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಊಟ, ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಸೌದೆ-ದೀಪ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದಿತ್ತು. ಬಾಡಿಗೆಗೆ ಆಗ ಇಟ್ಟುಕೊಂಡ ಅಳತೆ ಸರ್ಕಾರವೇ ಕಟ್ಟಿಸುತ್ತಿದ್ದ ಕಾರ್ಮಿಕರ ಮನೆಗಳದ್ದು. ಕೇಂದ್ರದ ವೇತನ ಸಂಹಿತೆಯ 2020ರ ಕರಡು ನಿಯಮಗಳಲ್ಲಿ ಅದು ಊಟ-ಬಟ್ಟೆ ಖರ್ಚಿನ ಶೇ 10 ಎಂದಾಯಿತು. ಅಂದರೆ ಊಟ, ಬಟ್ಟೆಗೆ ತಿಂಗಳಿಗೆ 12,000 ರೂಪಾಯಿ ಅಂತಿಟ್ಟುಕೊಂಡರೆ ಬಾಡಿಗೆಗೆ 1,200. ಆ ದುಡ್ಡಿಗೆ ಬೆಂಗಳೂರಿನಲ್ಲಿ ಕಾರು ನಿಲ್ಲಿಸುವ ಜಾಗವೂ ಸಿಗುವುದಿಲ್ಲ, ಅಲ್ವಾ? ಮಿಕ್ಕ ಬಾಡಿಗೆಗೆ ದುಡ್ಡು ಹೊಂದಿಸುವುದು ಹಾಲು, ಮೊಟ್ಟೆ, ಮಕ್ಕಳ ಟ್ಯೂಷನ್ ಬಿಟ್ಟು. ಇಲ್ಲದಿದ್ದರೆ ಓಟಿ ಮಾಡಿ.

ಹಾಗಂತ ಸಂಬಳ ಒಂದನ್ನೇ ಏರಿಸಿದರೂ ಸಾಲದು. ಕೆಲಸದವರು ಜಾಸ್ತಿ, ಮನೆ ಕಮ್ಮಿ ಇರುವ ಕಡೆ ಏರಿದ ಸಂಬಳದಲ್ಲಿ ಒಂದು ಪಾಲು ಸೀದಾ ಬಾಡಿಗೆಗೇ ಹೋಗುತ್ತದೆ. ದೂರದಲ್ಲಿ ಮನೆ ಮಾಡಲಿ, ಶಕ್ತಿ ಯೋಜನೆ ಇದೆಯಲ್ಲ ಎನ್ನುವವರಿದ್ದಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ದುಡ್ಡು ಉಳಿಯುತ್ತಿದೆ, ನಿಜ. ಆದರೆ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೇ ಹೋದರೆ ಅಡುಗೆ ಯಾವಾಗ, ನಿದ್ದೆ ಯಾವಾಗ?

ಸರ್ಕಾರದ ವಸತಿ ಯೋಜನೆಗಳು ಬಹುತೇಕ ಸ್ವಂತ ಮನೆಯವು. ವಂತಿಗೆ ಕಟ್ಟಬೇಕು, ಬ್ಯಾಂಕ್ ಸಾಲ ಸಿಗಬೇಕು. ಇವರಿಗೆ ಬೇಕಿರುವುದು ಫ್ಯಾಕ್ಟರಿ ಹತ್ತಿರ, ಕೈಗೆಟುಕುವ ಬಾಡಿಗೆ ಮನೆ. ಲಾಕ್‌ಡೌನಿನಲ್ಲಿ ವಲಸೆ ಕಾರ್ಮಿಕರು ನಡೆದು ಊರು ಸೇರಿದ ಮೇಲೆ, 2020ರಲ್ಲಿ, ಕೇಂದ್ರವೇ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆ ತಂದಿತ್ತು. ಇನ್ನು ಮುಂದೆ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಕೈಗಾರಿಕೆಗೆ ಜಾಗ ಕೊಡುವಾಗಲೇ ಇಂಥ ಮನೆಗಳಿಗೆ ಒಂದು ಪಾಲು ತೆಗೆದಿಡಲಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಕಡೇಪಕ್ಷ ಶೀಟ್ ಮನೆಗಳಿಗಾದರೂ ರಾಜ್ಯದಲ್ಲಿ ಅದು ಜಾರಿಯಾಗಲಿ. ಮತ್ತೆ, ಮುಂದಿನ ಸಲ ಕನಿಷ್ಠ ವೇತನ ಪರಿಷ್ಕರಿಸುವ ಅಧಿಕಾರಿಗಳು ಒಂದು ಭಾನುವಾರ ಲಗ್ಗೆರೆ, ಬೊಮ್ಮನಹಳ್ಳಿಯಲ್ಲಿ ‘ಟು ಲೆಟ್’ ಬೋರ್ಡುಗಳ ನಂಬರಿಗೆ ಫೋನ್ ಮಾಡಿ ಬಾಡಿಗೆ ಕೇಳಲಿ. ಆಮೇಲೆ ಅಂಕಿ ಬರೆಯಲಿ.

– ಓದುಗ, ಲಗ್ಗೆರೆ, ಬೆಂಗಳೂರು