ಕ್ಯಾಸನೂರು ಕಾಡಿನ ಸಂಶೋಧನೆಯ ಚರಿತ್ರೆ ಮಲೆನಾಡಿಗೆ ಮರಳಲಿ

ಮಾನ್ಯ ಸಂಪಾದಕರೇ,

ಮಂಗನ ಕಾಯಿಲೆಗೆ ಹೊಸ ಲಸಿಕೆ ಸಿದ್ಧಪಡಿಸುವ ಪ್ರಯತ್ನ ನಡೆದಿರುವ ಈ ಹೊತ್ತಿನಲ್ಲಿ, ಆ ಕಾಯಿಲೆಯ ಬಗ್ಗೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಆರಂಭವಾದ ಸಂಶೋಧನೆಯ ಚರಿತ್ರೆ ನಮ್ಮ ಜನರಿಗೇ ಅಪರಿಚಿತವಾಗುತ್ತಿರುವುದನ್ನು ತಮ್ಮ ಪತ್ರಿಕೆಯ ಮೂಲಕ ಸರ್ಕಾರದ ಗಮನಕ್ಕೆ ತರಲು ಬಯಸುತ್ತೇನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮುಸಿಯಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಅದೇ ಕಾಡಿಗೆ ಸೊಪ್ಪು, ಸೌದೆಗೆ ಹೋಗಿಬಂದವರು ವಿಪರೀತ ಜ್ವರ, ತಲೆನೋವು, ಮೈಕೈ ನೋವಿನಿಂದ ಹಾಸಿಗೆ ಹಿಡಿದರು. ಮಂಗಗಳು ಸಾಯುತ್ತಿವೆ ಎಂದೊಡನೆ, ಭಾರತಕ್ಕೆ ಎಂದೂ ಕಾಲಿಡದ ಹಳದಿ ಜ್ವರ ಬಂದುಬಿಟ್ಟಿತೇ ಎಂಬ ಆತಂಕ ವಿಜ್ಞಾನಿಗಳಲ್ಲಿ ಹುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಇಲ್ಲಿಗೆ ಬಂದರು. ಮುಸಿಯದ ದೇಹದಿಂದ ಬೇರ್ಪಡಿಸಿದ ವೈರಸ್ ಹಳದಿ ಜ್ವರದ್ದಾಗಿರದೆ, ದೂರದ ರಷ್ಯಾದಲ್ಲಿ ಉಣುಗಿನಿಂದ (ಪ್ರಾಣಿಗಳ ಮೈಗೆ ಅಂಟಿ ರಕ್ತ ಹೀರುವ ಉಣ್ಣೆಯಿಂದ) ಹರಡುವ ಮಿದುಳು ಜ್ವರದ ವೈರಸ್‌ಗಳ ಗುಂಪಿಗೆ ಸೇರಿದ್ದಾಗಿತ್ತು. ವಲಸೆ ಹಕ್ಕಿಗಳು ಇದನ್ನು ಹೊತ್ತು ತಂದಿರಬಹುದೇ ಎಂಬ ಶಂಕೆಯಿಂದ ಸಲೀಂ ಅಲಿಯಂಥ ಪಕ್ಷಿತಜ್ಞರ ನೆರವನ್ನೂ ಪಡೆಯಲಾಯಿತು.

ಸಾಗರದಲ್ಲಿ ಆ ಕೇಂದ್ರದ ಕ್ಷೇತ್ರ ಘಟಕವೊಂದಿತ್ತು. ನಮ್ಮ ದೊಡ್ಡಪ್ಪ ಹರೆಯದಲ್ಲಿ ಅಲ್ಲಿ ದಿನಗೂಲಿಗೆ ಹೋಗುತ್ತಿದ್ದರು. ಬಿಳಿಯ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿಕೊಂಡು ಒಣ ದರಗಿನ ಮೇಲೆ ನಿಧಾನವಾಗಿ ಎಳೆಯುತ್ತ ಹೋಗುವುದು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಬಟ್ಟೆಯನ್ನು ತಿರುವಿ ನೋಡುವುದು, ಸಾಸಿವೆಗಿಂತಲೂ ಸಣ್ಣ ಉಣುಗಿನ ಮರಿಗಳನ್ನು ಚಿಮಟದಿಂದ ಒಂದೊಂದಾಗಿ ಬಿಡಿಸಿ ಗಾಜಿನ ನಳಿಗೆಗೆ ಹಾಕಿ ಹತ್ತಿಯಿಂದ ಬಾಯಿ ಮುಚ್ಚುವುದು ಅವರ ಕೆಲಸ. ಸಂಜೆ ಮನೆಗೆ ಬಂದರೆ ದೊಡ್ಡಮ್ಮ ಅವರನ್ನು ಬಚ್ಚಲಿಗೆ ಕಳಿಸಿ, ಬಟ್ಟೆಯನ್ನೆಲ್ಲ ಕುದಿಯುವ ನೀರಿಗೆ ಹಾಕದೆ ಒಳಗೆ ಬಿಡುತ್ತಿರಲಿಲ್ಲವಂತೆ. ಈ ವೈರಸ್‌ನೊಂದಿಗೆ ಕೆಲಸ ಮಾಡಿದ ಪ್ರಯೋಗಾಲಯ ಸಿಬ್ಬಂದಿಯಲ್ಲೇ ಹಲವರು ಸೋಂಕಿಗೆ ಒಳಗಾಗಿದ್ದರು ಎಂಬುದನ್ನು ನೆನೆದರೆ, ಬರಿಗಾಲಿನಲ್ಲಿ ಕಾಡು ಸುತ್ತಿದ ಈ ಕೂಲಿಕಾರರು ಯಾವ ಅಪಾಯದ ನಡುವೆ ದುಡಿದರೆಂಬುದು ತಿಳಿಯುತ್ತದೆ. ವಿಜ್ಞಾನಿಗಳ ಪ್ರಬಂಧಗಳು ಗ್ರಂಥಾಲಯಗಳಲ್ಲಿವೆ. ಬಟ್ಟೆ ಎಳೆದವರ, ಸತ್ತ ಮಂಗ ಎಲ್ಲಿ ಬಿದ್ದಿದೆ ಎಂದು ಮೈಲಿಗಟ್ಟಲೆ ನಡೆದು ಬಂದು ತಿಳಿಸಿದವರ ಮಾತನ್ನು ಯಾರೂ ಬರೆದಿಟ್ಟುಕೊಂಡಂತಿಲ್ಲ.

ಹಾಗೆ ಎಣಿಸಿದ ಉಣುಗುಗಳಿಂದ ದೊರೆತ ತಿಳಿವಳಿಕೆ ಸಣ್ಣದಲ್ಲ. ಉಣುಗಿನ ಮರಿಗಳು ಇಲಿ, ಹಕ್ಕಿ, ಮಂಗಗಳ ರಕ್ತ ಹೀರಿ ಬೆಳೆದರೆ, ಬಲಿತ ಉಣುಗಿಗೆ ದನಗಳಂಥ ದೊಡ್ಡ ಪ್ರಾಣಿ ಬೇಕು. ಕಾಡನ್ನು ಸವರಿ ಸಾಗುವಳಿ ವಿಸ್ತರಿಸಿದಂತೆ ಕಾಡಿನ ಅಂಚಿನಲ್ಲಿ ಮೇಯುವ ದನಗಳು ಹೆಚ್ಚಿ, ಅವುಗಳೊಂದಿಗೆ ಉಣುಗೂ ಹೆಚ್ಚಿತೆಂಬ ವಿವರಣೆಯನ್ನು ಇಲ್ಲಿ ಅಧ್ಯಯನ ಮಾಡಿದ ಹೊರ್ಹೆ ಬೊಷೆಲ್ 1969ರಲ್ಲೇ ಮಂಡಿಸಿದ್ದರು. ಮುಂದೆ ಈ ಕಾಯಿಲೆ ಬಂಡೀಪುರದಲ್ಲಿ, ವಯನಾಡಿನಲ್ಲಿ, ಗೋವಾದಲ್ಲಿ ಕಾಣಿಸಿಕೊಂಡಾಗ, 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಹೆಣಗಳು ಬಿದ್ದಾಗ, ಆ ಮಾತು ನಮ್ಮ ಎಷ್ಟು ಅಧಿಕಾರಿಗಳಿಗೆ ನೆನಪಿತ್ತು?

ಲಸಿಕೆಯ ಕಥೆಯೂ ತಿಳಿಯಬೇಕಾದದ್ದೇ. ಮೊದಲು ರಷ್ಯಾದ ವೈರಸ್‌ನ ಲಸಿಕೆಯನ್ನೇ ಇಲ್ಲಿಯವರಿಗೆ ಕೊಟ್ಟು ನೋಡಲಾಯಿತು; ಅದರಿಂದ ಹೇಳಿಕೊಳ್ಳುವಂಥ ರಕ್ಷಣೆ ಸಿಗಲಿಲ್ಲ. ಅನಂತರ ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಬಂತು. ಎರಡು ಡೋಸ್‌ಗಳಿಂದ ಸುಮಾರು ಶೇ 62ರಷ್ಟು, ಬೂಸ್ಟರ್ ಸೇರಿದರೆ ಸುಮಾರು ಶೇ 83ರಷ್ಟು ರಕ್ಷಣೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆದರೆ ಚುಚ್ಚಿದಲ್ಲಿ ನೋವು ಕಂಡು ನಮ್ಮೂರಿನ ಎಷ್ಟೋ ಮಂದಿ ಮೊದಲ ಡೋಸ್‌ಗೇ ನಿಲ್ಲಿಸಿದರು. ಹಾಗೆ ನಿಲ್ಲಿಸಿದವರಿಗೆ ಮರುವರ್ಷ ಜ್ವರ ಬಂದಾಗ, ಲಸಿಕೆಯೇ ದಂಡ ಎಂಬ ಮಾತು ಊರೂರಿಗೆ ಹಬ್ಬಿತು. ಮುಂದಿನ ಡೋಸ್ ಏಕೆ ಬೇಕೆಂದು ಕನ್ನಡದಲ್ಲಿ, ಈ ಚರಿತ್ರೆಯ ಸಮೇತ, ಕುಳಿತು ಹೇಳಿದವರು ಆಗ ನಮಗೆ ಸಿಗಲಿಲ್ಲ. ಹೊಸ ಲಸಿಕೆ ಬಂದಾಗಲೂ ಹೀಗೇ ಆದರೆ ಆ ನಷ್ಟ ಮತ್ತೆ ಕಾಡಂಚಿನ ಕೂಲಿಕಾರರದೇ.

ಆದ್ದರಿಂದ ಸಾಗರ ಘಟಕದ ಕ್ಷೇತ್ರ ಟಿಪ್ಪಣಿ, ನಕ್ಷೆ, ಛಾಯಾಚಿತ್ರಗಳು ಪುಣೆಯಲ್ಲಿ ಉಳಿದಿದ್ದರೆ ಅವುಗಳ ಪ್ರತಿಗಳನ್ನು ತರಿಸಿ ಶಿವಮೊಗ್ಗದಲ್ಲಿ ಸಾರ್ವಜನಿಕರಿಗೆ ಸಿಗುವಂತೆ ಇಡಬೇಕು. ಮುಖ್ಯ ಪ್ರಬಂಧಗಳ ಸಾರವನ್ನು ಕನ್ನಡದಲ್ಲಿ ಪ್ರಕಟಿಸಿ ಆಶಾ ಕಾರ್ಯಕರ್ತೆಯರಿಗೂ ಗ್ರಾಮ ಪಂಚಾಯಿತಿಗಳಿಗೂ ತಲುಪಿಸಬೇಕೆಂದು ಆರೋಗ್ಯ ಇಲಾಖೆಯನ್ನೂ ನಮ್ಮ ವಿಶ್ವವಿದ್ಯಾಲಯಗಳನ್ನೂ ವಿನಂತಿಸುತ್ತೇನೆ. ಎಲ್ಲಕ್ಕೂ ಮೊದಲು, ಆ ಘಟಕದಲ್ಲಿ ದುಡಿದವರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕು. ದೊಡ್ಡಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವರ ಜೊತೆ ಬಟ್ಟೆ ಎಳೆದ ಇಬ್ಬರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ಇಬ್ಬರಿಗೂ ಎಂಬತ್ತು ದಾಟಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕ, ಸಾಗರ ತಾಲ್ಲೂಕು