ಎಂಜಿನ್ ಬದಲಾದ ಹಳೆಯ ಲಾರಿಗಳ ಹೊಗೆ ಪರೀಕ್ಷೆ: ನಿಯಮ ಸ್ಪಷ್ಟವಾಗಲಿ

ಮಾನ್ಯ ಸಂಪಾದಕರೇ,

ವಿಜಯಪುರ, ಬೆಳಗಾವಿ, ಕಲಬುರಗಿಯ ಕಡೆಯಿಂದ ಬಂದು, ಪುಣೆಯ ನಿಗಡಿಯಲ್ಲೋ ನವಿ ಮುಂಬೈಯ ಕಳಂಬೋಲಿಯಲ್ಲೋ ನೆಲೆನಿಂತು, ಒಂದೆರಡು ಲಾರಿಗಳ ದುಡಿಮೆಯಿಂದ ಸಂಸಾರ ನಡೆಸುತ್ತಿರುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ಅವರಲ್ಲಿ ಹಳೆಯ ಲಾರಿ ಇರುವವರಿಗೆ ಎಂದಾದರೊಮ್ಮೆ ಎದುರಾಗುವ ಪ್ರಶ್ನೆಯೊಂದನ್ನು ನಮ್ಮ ಹೊಗೆ ತಪಾಸಣೆಯ ವ್ಯವಸ್ಥೆ ಕೇಳಿಕೊಂಡೇ ಇಲ್ಲ. ಚಾಸಿ, ಕ್ಯಾಬಿನ್ ಇನ್ನೂ ಗಟ್ಟಿಯಾಗಿದ್ದು ಎಂಜಿನ್ ಮಾತ್ರ ಸೋತಾಗ, ಸಿಲಿಂಡರುಗಳನ್ನು ಮತ್ತೆ ಬೋರ್ ಮಾಡಿಸಿ (ಕೊರೆಸಿ) ಸರಿಪಡಿಸುವ ಗೋಜಿಗೆ ಹೋಗದೆ ಬೇರೆ ಎಂಜಿನ್ ಕೂರಿಸಿದರೆ, ಆ ಲಾರಿಯ ಹೊಗೆಯನ್ನು ಯಾವ ಮಿತಿಗೆ ಹೋಲಿಸಿ ನೋಡಬೇಕು? ಚಾಸಿಯ ವರ್ಷದ ಮಿತಿಗೋ, ಎಂಜಿನ್ನಿನ ಮಟ್ಟದ ಮಿತಿಗೋ?

ಪಿಯುಸಿ (ಹೊಗೆ ತಪಾಸಣೆಯ ಪ್ರಮಾಣಪತ್ರ) ಕೊಡುವ ಕೇಂದ್ರದಲ್ಲಿ ಡೀಸೆಲ್ ವಾಹನವನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಕಾದ ಎಂಜಿನ್ನಿನ ಆಕ್ಸಿಲರೇಟರನ್ನು ಪೂರ್ತಿ ತುಳಿದು, ಸೈಲೆನ್ಸರಿನಿಂದ ಹೊರಬರುವ ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂಬುದನ್ನು ಅಳೆಯುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಂತೆ ಬಿಎಸ್-4ಕ್ಕಿಂತ (ಬಿಎಸ್ ಎಂದರೆ ಭಾರತ್ ಸ್ಟೇಜ್, ವಾಹನಗಳ ಹೊಗೆಗೆ ಸರ್ಕಾರ ಗೊತ್ತುಮಾಡಿದ ಮಟ್ಟ; ಅಂಕಿ ಹೆಚ್ಚಿದಷ್ಟೂ ನಿಯಮ ಬಿಗಿ) ಹಿಂದಿನ ಡೀಸೆಲ್ ವಾಹನಗಳಿಗೆ ಈ ಅಳತೆ ಪ್ರತಿ ಮೀಟರಿಗೆ 2.45ನ್ನು, ಅಂದರೆ ಹಾರ್ಟ್‌ರಿಜ್ ಎಂಬ ಹೊಗೆ ದಟ್ಟಣೆಯ ಮಾಪನದಲ್ಲಿ 65ನ್ನು ಮೀರಬಾರದು. ಬಿಎಸ್-4 ವಾಹನಗಳಿಗೆ ಮಿತಿ 1.62, ಹಾರ್ಟ್‌ರಿಜ್‌ನಲ್ಲಿ 50. ದೇಶದಾದ್ಯಂತ ಬಿಎಸ್-4 ಕಡ್ಡಾಯವಾದದ್ದು 2017ರ ಏಪ್ರಿಲ್ 1ರಿಂದ, ಬಿಎಸ್-6 ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಿಂದ. ತಪಾಸಣೆಯ ಹೊತ್ತಿಗೆ ಲಾರಿ ಯಾವ ಮಟ್ಟಕ್ಕೆ ಸೇರಿದೆ ಎಂಬುದನ್ನು ತೀರ್ಮಾನಿಸುವುದು ನೋಂದಣಿಯ ದಾಖಲೆ. ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾರೆ. ಬಾನೆಟ್ ಅಥವಾ ಕ್ಯಾಬಿನ್ ಎತ್ತಿ ಎಂಜಿನ್ ನಂಬರ್ ಓದಿದ್ದನ್ನು ನಾನಂತೂ ಕಂಡಿಲ್ಲ.

ಇದರಿಂದ ಎರಡು ಬಗೆಯ ಅನ್ಯಾಯವಾಗುತ್ತಿದೆ. 2008ರ ಲಾರಿಗೆ ಬಿಎಸ್-4 ಎಂಜಿನ್ ಕೂರಿಸಿ ಹೊಗೆ ಕಡಿಮೆ ಮಾಡಿಕೊಂಡವನು ಕಾಗದದ ಮೇಲೆ ಹಳೆಯ ಲಾರಿಯವನಾಗಿಯೇ ಉಳಿಯುತ್ತಾನೆ. ಎಂಟು ವರ್ಷ ದಾಟಿದ ಸಾರಿಗೆ ವಾಹನಗಳಿಗೆ ಮಹಾರಾಷ್ಟ್ರ ಸರ್ಕಾರ ವಿಧಿಸುವ ಪರಿಸರ ತೆರಿಗೆಯನ್ನು ಅವನೂ ಕಟ್ಟಬೇಕು, ಹಳೆಯ ಡೀಸೆಲ್ ವಾಹನಗಳ ಮೇಲೆ ನಿರ್ಬಂಧದ ಮಾತು ಬಂದಾಗ ಅವನೂ ಅದೇ ಸಾಲಿನಲ್ಲಿ ನಿಲ್ಲಬೇಕು. ಇನ್ನೊಂದು ಬಗೆ ಇದಕ್ಕಿಂತ ಹೆಚ್ಚು ಅಪಾಯಕಾರಿಯಾದದ್ದು. ಬಿಎಸ್-4 ಲಾರಿಯ ಎಂಜಿನ್ ಕೆಟ್ಟಾಗ, ಅದರ ಕಾಮನ್ ರೈಲ್ (ಕಂಪ್ಯೂಟರ್ ನಿಯಂತ್ರಿಸುವ ಇಂಧನ ವ್ಯವಸ್ಥೆ), ಸೆನ್ಸರು, ವೈರಿಂಗುಗಳ ರಿಪೇರಿಯ ಖರ್ಚಿಗೆ ಹೆದರಿ, ಗುಜರಿಯಿಂದ ಮೆಕ್ಯಾನಿಕಲ್ ಪಂಪಿನ ಹಳೆಯ ಎಂಜಿನ್ ತಂದು ಹಾಕಿಬಿಡುತ್ತಾರೆ. ಯೂರಿಯಾ ಟ್ಯಾಂಕು, ಆ ಯೂರಿಯಾದಿಂದ ಹೊಗೆ ಶುದ್ಧೀಕರಿಸುವ ಎಸ್‌ಸಿಆರ್ ಉಪಕರಣ ಇದ್ದ ಲಾರಿಯಲ್ಲಿ ಅವು ಕೆಲಸವಿಲ್ಲದೆ ಉಳಿಯುತ್ತವೆ, ಇಲ್ಲವೇ ಕಳಚಿ ಮಾರಾಟವಾಗುತ್ತವೆ. ಪಂಪು, ನಾಝಲ್ ಚೆನ್ನಾಗಿ ಹೊಂದಿಸಿದ ಹಳೆಯ ಎಂಜಿನ್ನೂ 1.62ರ ಒಳಗೆ ಬರಲು ಸಾಧ್ಯವಿದೆ. ಎಸ್‌ಸಿಆರ್ ತಡೆಯುತ್ತಿದ್ದದ್ದು ಸಾರಜನಕದ ಆಕ್ಸೈಡುಗಳನ್ನು. ಕಣ್ಣಿಗೆ ಕಾಣದ ಆ ಅನಿಲವನ್ನು ಹೊಗೆಯ ದಟ್ಟಣೆಯ ಪರೀಕ್ಷೆ ಅಳೆಯುವುದೇ ಇಲ್ಲ. ಹೀಗಾಗಿ ಪರೀಕ್ಷೆಯಲ್ಲಿ ಪ್ರಾಮಾಣಿಕವಾಗಿ ಪಾಸಾದ ಲಾರಿಯೂ ಊರಿನ ಗಾಳಿಗೆ ಬಿಎಸ್-3 ಕಾಲದ ವಿಷವನ್ನೇ ಬಿಡುತ್ತಿರಬಹುದು. ಹೆದ್ದಾರಿಯ ಬದಿಯಲ್ಲೇ ಮನೆ ಮಾಡಿಕೊಂಡಿರುವ ನಮ್ಮ ಹೆಂಡತಿ ಮಕ್ಕಳೇ ಮೊದಲು ಅದನ್ನು ಉಸಿರಾಡುವವರು.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ ಎಂಬುದು ನಿಜ. ಕಂಪನಿ ಮೂಲತಃ ಸೂಚಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿದಿದೆ. ಎಂಜಿನ್ ಬದಲಾಯಿಸಿದ್ದನ್ನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಆರ್‌ಸಿಯಲ್ಲಿ ದಾಖಲಿಸಬೇಕೆಂಬ ಮಾತೂ ಅದೇ ಕಲಮಿನಲ್ಲಿದೆ. ಸಿಎನ್‌ಜಿ, ಬ್ಯಾಟರಿಯಂತಹ ಬೇರೆ ಇಂಧನಕ್ಕೆ ಬದಲಾಯಿಸಲು ಸ್ಪಷ್ಟ ಅವಕಾಶವಿದೆ. ಡೀಸೆಲ್‌ನಲ್ಲಿಯೇ ಉಳಿದು ಇನ್ನಷ್ಟು ಶುದ್ಧವಾದ ಎಂಜಿನ್ ಹಾಕಿಸಿಕೊಳ್ಳಬಯಸುವವನಿಗೆ ಮಾತ್ರ ಅಂತಹ ದಾರಿ ಕಾಣುವುದಿಲ್ಲ. ನಾನು ವಿಚಾರಿಸಿದ ಕಡೆಯಲ್ಲೆಲ್ಲ ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಆದರೆ ನೋಡೋಣ, ಬೇರೆಯದಾದರೆ ಆಗುವುದಿಲ್ಲ ಎಂಬ ಉತ್ತರವೇ ಬಂತು. ಹೇಳಿದರೆ ಫಿಟ್‌ನೆಸ್ ಪ್ರಮಾಣಪತ್ರ ನಿಲ್ಲುತ್ತದೆ, ಹೇಳದಿದ್ದರೆ ಪಿಯುಸಿ ಸಿಗುತ್ತದೆ ಎಂಬ ಸ್ಥಿತಿ ಇರುವಾಗ ಯಾರು ತಾನೇ ಹೇಳುತ್ತಾರೆ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ಬಗೆಹರಿಸಿರುವ ರೀತಿ ಗಮನಿಸತಕ್ಕದ್ದು. ಅಲ್ಲಿ ಕಾರು ಮತ್ತು ಸಣ್ಣ ಟ್ರಕ್ಕುಗಳಿಗೆ ಬೇರೆ ಎಂಜಿನ್ ಹಾಕುವುದಾದರೆ ಅದು ವಾಹನದ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು, ಹೊಗೆ ನಿಯಂತ್ರಣದ ಉಪಕರಣಗಳೆಲ್ಲವೂ ಆ ಎಂಜಿನ್ನಿನೊಡನೆ ಬರಬೇಕು, ಸರ್ಕಾರ ಗೊತ್ತುಮಾಡಿದ ಪರಿಶೀಲಕರು ಒಮ್ಮೆ ನೋಡಿ ಒಪ್ಪಬೇಕು. ಭಾರೀ ಡೀಸೆಲ್ ಟ್ರಕ್ಕುಗಳ ವಿಷಯದಲ್ಲಿ ಆ ರಾಜ್ಯದ ನಿಯಮ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎಂಜಿನ್ನಿನ ಮಾದರಿ ವರ್ಷವನ್ನೇ. ಅಲ್ಲಿನ ಕಟ್ಟುನಿಟ್ಟನ್ನೆಲ್ಲ ಇಲ್ಲಿ ಹೇರಬೇಕೆಂದು ನಾನು ಹೇಳುತ್ತಿಲ್ಲ. ಒಂದೇ ಲಾರಿಯ ಮೇಲೆ ಬದುಕುವವನಿಗೆ ಅದು ತಾಳಲಾರದ ಹೊರೆಯಾದೀತು. ಆದರೆ ಹಿಂದಿನ ಮಟ್ಟಕ್ಕೆ ಇಳಿಯಬಾರದು, ಮುಂದಿನದಕ್ಕೆ ಏರಬಹುದು ಎಂಬ ತತ್ವವನ್ನು ಒಪ್ಪಿಕೊಳ್ಳಲು ನಮಗೇನೂ ಅಡ್ಡಿಯಿಲ್ಲ.

ಇದಕ್ಕೆ ಬೇಕಾದ ತಜ್ಞತೆ ನಮ್ಮ ಊರಲ್ಲೇ ಇದೆ. ಪುಣೆಯ ವೇತಾಳ ಟೇಕಡಿ ಎಂಬ ಗುಡ್ಡದ ಮೇಲಿರುವ ಎಆರ್‌ಎಐ 1966ರಿಂದ ಕೆಲಸ ಮಾಡುತ್ತಿರುವ ವಾಹನ ಸಂಶೋಧನಾ ಸಂಸ್ಥೆ. ವಾಹನಗಳು ಮಾರುಕಟ್ಟೆಗೆ ಬರುವ ಮುನ್ನ ಅವುಗಳ ಎಂಜಿನ್‌ಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಯಾವ ಚಾಸಿಗೆ ಯಾವ ಎಂಜಿನ್ ತನ್ನ ವೈರಿಂಗ್, ಇಸಿಯು (ಎಂಜಿನ್ನಿನ ಕಂಪ್ಯೂಟರ್), ಎಸ್‌ಸಿಆರ್ ಸಹಿತವಾಗಿ ಹೊಂದುತ್ತದೆ ಎಂಬ ಪಟ್ಟಿಯೊಂದನ್ನು ಇಂತಹ ಸಂಸ್ಥೆಯಿಂದ ಕೇಂದ್ರ ಸಾರಿಗೆ ಸಚಿವಾಲಯ ಮಾಡಿಸಲಿ. ಆ ಪಟ್ಟಿಯಂತೆ ಎಂಜಿನ್ ಬದಲಾಯಿಸಿದವರ ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರಿನ ಜೊತೆಗೆ ಅದರ ಬಿಎಸ್ ಮಟ್ಟವನ್ನೂ ನಮೂದಿಸಲಿ. ಪಿಯುಸಿ ಯಂತ್ರ ಮಿತಿಯನ್ನು ಅಲ್ಲಿಂದ ತೆಗೆದುಕೊಳ್ಳಲಿ, ಪರಿಸರ ತೆರಿಗೆಯೂ ಅದನ್ನೇ ಅನುಸರಿಸಲಿ. ಎಂಟು ವರ್ಷ ದಾಟಿದ ಲಾರಿಗಳು ಹೇಗೂ ವರ್ಷಕ್ಕೊಮ್ಮೆ ಫಿಟ್‌ನೆಸ್‌ಗೆ ಬರುತ್ತವೆ. ಆಗ ಎಂಜಿನ್ ನಂಬರಿನ ಜೊತೆಗೆ ಎಸ್‌ಸಿಆರ್ ಕೆಲಸ ಮಾಡುತ್ತಿದೆಯೇ ಎಂಬುದನ್ನೂ ನೋಡಲು ಹೆಚ್ಚು ಹೊತ್ತು ಹಿಡಿಯದು. ಗುಜರಿ ಅಂಗಡಿಯವರು ಎಂಜಿನ್ ಮಾರುವಾಗ ಅದು ಯಾವ ಲಾರಿಯದೆಂಬ ದಾಖಲೆ ಕೊಡುವುದು ಕಡ್ಡಾಯವಾದರೆ ಕಳವಿನ ಎಂಜಿನ್‌ಗಳ ವ್ಯಾಪಾರಕ್ಕೂ ಕಡಿವಾಣ ಬೀಳುತ್ತದೆ.

ಈಗಾಗಲೇ ಎಂಜಿನ್ ಬದಲಾಯಿಸಿ ಬಾಯಿ ಮುಚ್ಚಿಕೊಂಡಿರುವವರಿಗೆ ದಂಡವಿಲ್ಲದೆ ಘೋಷಿಸಿಕೊಳ್ಳಲು ಒಂದು ಗಡುವು ಕೊಡಬೇಕು. ಪಿಯುಸಿ ಇಲ್ಲದಿದ್ದರೆ 2019ರ ತಿದ್ದುಪಡಿಯ ನಂತರ ದಂಡ 10,000 ರೂಪಾಯಿವರೆಗೆ ಇದೆ. ಹೇಳಿಕೊಂಡರೆ ಪಿಯುಸಿ ಕೈತಪ್ಪೀತು ಎಂಬ ಭಯ ಇದ್ದಷ್ಟು ಕಾಲ ಯಾವ ಮಾಲೀಕನೂ ತಾನಾಗಿ ಮುಂದೆ ಬಂದು ತನ್ನ ಲಾರಿಯಲ್ಲಿ ಯಾವ ಎಂಜಿನ್ ಇದೆಯೆಂದು ಹೇಳಲಾರ. ಮಹಾರಾಷ್ಟ್ರದ ಸಾರಿಗೆ ಆಯುಕ್ತರು ಲಾರಿ ಮಾಲೀಕರ ಸಂಘಗಳನ್ನೂ ಗ್ಯಾರೇಜಿನವರನ್ನೂ ಕರೆಸಿ, ಈ ಗಡುವಿನ ವಿಷಯವನ್ನಾದರೂ ಮೊದಲು ಇತ್ಯರ್ಥಪಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಓರ್ವ ಲಾರಿ ಮಾಲೀಕ
ನಿಗಡಿ, ಪುಣೆ