ಹಸಿದ ಹೊಟ್ಟೆಗೆ ಸೀಸ ಬೇಗ ಏರುತ್ತದೆ

ಮಾನ್ಯ ಸಂಪಾದಕರಿಗೆ,

ಮಕ್ಕಳ ರಕ್ತಹೀನತೆಯ ಕುರಿತು ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಕಳೆದ ವಾರ ಪ್ರಕಟವಾದ ವರದಿಯನ್ನು ಓದಿದೆ. ಅದರಲ್ಲಿ ಬಡತನ, ಜಂತುಹುಳು, ಸೊಪ್ಪು ತಿನ್ನದಿರುವ ಅಭ್ಯಾಸ ಎಲ್ಲದರ ಪ್ರಸ್ತಾಪವಿದೆ. ಸೀಸದ ಮಾತು ಮಾತ್ರ ಇಲ್ಲ. ಸಿಂಧನೂರು ತಾಲ್ಲೂಕಿನ ಅಂಗನವಾಡಿಯೊಂದರ ಕಾರ್ಯಕರ್ತೆಯೂ, 18 ವರ್ಷ ಬ್ಯಾಟರಿ ರಿಪೇರಿ ಮಾಡಿಕೊಂಡು ಬಂದವರ ಹೆಂಡತಿಯೂ ಆಗಿರುವ ನನಗೆ ಸೀಸಕ್ಕೂ ರಕ್ತಹೀನತೆಗೂ ಇರುವ ನಂಟು ನನ್ನ ಮನೆಯೊಳಗೇ ತಿಳಿದುಬಂದದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಟ್ರ್ಯಾಕ್ಟರ್, ಲಾರಿ, ಇನ್ವರ್ಟರ್‌ಗಳ ಹಳೆಯ ಬ್ಯಾಟರಿಗಳನ್ನು ಬಿಚ್ಚಿ, ಕೆಟ್ಟ ಪ್ಲೇಟು ತೆಗೆದು ಹೊಸದನ್ನು ಕೂಡಿಸುವ ಕೆಲಸ ಮಾಡುತ್ತಿದ್ದರು. ಆ ಪ್ಲೇಟುಗಳೆಲ್ಲ ಸೀಸದವು. ಒಣಗಿದ ಪ್ಲೇಟನ್ನು ನೆಲಕ್ಕೆ ಕುಟ್ಟಿದರೆ ಹಿಟ್ಟಿನಷ್ಟು ನುಣ್ಣಗಿನ ಪುಡಿ ಉದುರುತ್ತದೆ. ಅದು ಅವರ ಅಂಗಿಯ ತೋಳಿನಲ್ಲಿ, ಉಗುರಿನ ಸಂದಿಯಲ್ಲಿ, ಚಪ್ಪಲಿಯ ಅಡಿಯಲ್ಲಿ ಕುಳಿತು ದಿನವೂ ಮನೆಗೆ ಬರುತ್ತಿತ್ತು. ಸಂಜೆ ಗಾಡಿಯ ಸದ್ದು ಕೇಳಿದರೆ ಸಾಕು, ಎರಡೂವರೆ ವರ್ಷದ ಮಗಳು ಓಡಿಹೋಗಿ ಅಪ್ಪನ ಕಾಲು ತಬ್ಬಿಕೊಂಡು, ಅದೇ ಪ್ಯಾಂಟಿಗೆ ಮುಖ ಒರೆಸಿ, ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು. ಗೋಡೆಯ ಹಕ್ಕಳೆ ಕೆರೆದು ಬಾಯಿಗೆ ಹಾಕಿಕೊಳ್ಳುವ ಚಟವೂ ಅವಳಿಗಿತ್ತು. “ಮಣ್ಣು ತಿನ್ನಲಾರದ ಕೂಸು ಯಾವುದೈತಿ” ಎಂದು ಅತ್ತೆಯವರು ನಕ್ಕರು, ನಾನೂ ನಕ್ಕೆ.

ಮುಂದೆ ಹೊಟ್ಟೆನೋವು, ಮಲಬದ್ಧತೆ ಆರಂಭವಾದವು, ಕಣ್ಣು ಬಿಳಿಚಿಕೊಂಡಿತು. ಎರಡು ಸಲ ಜಂತಿನ ಔಷಧ, ಒಂದು ಸಲ ಟಾನಿಕ್ ಬರೆದುಕೊಟ್ಟರು. ಮೂರನೆಯ ವೈದ್ಯರೊಬ್ಬರು ಮಾತ್ರ “ಮಗುವಿನ ತಂದೆ ಏನು ಕೆಲಸ ಮಾಡುತ್ತಾರೆ” ಎಂದು ಕೇಳಿದರು. ರಕ್ತದ ಮಾದರಿ ಬೆಂಗಳೂರಿಗೆ ಹೋಗಿ ಬಂದಾಗ ಒಂದು ಡೆಸಿಲೀಟರ್ (100 ಮಿಲಿಲೀಟರ್) ರಕ್ತದಲ್ಲಿ 19 ಮೈಕ್ರೋಗ್ರಾಂ ಸೀಸವಿತ್ತು. ಮಕ್ಕಳಲ್ಲಿ ಇದು 5 ಮೈಕ್ರೋಗ್ರಾಂ ಮುಟ್ಟಿದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಪ್ಪಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಇಷ್ಟಾದರೆ ಅಡ್ಡಿಯಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲವೆಂದೂ ಅದು ಸ್ಪಷ್ಟಪಡಿಸಿದೆ. ರಕ್ತದಿಂದ ಸೀಸವನ್ನು ಎಳೆದು ಹೊರಹಾಕುವ ಔಷಧವನ್ನು ಸಾಮಾನ್ಯವಾಗಿ ಈ ಮಟ್ಟ 45 ಮೈಕ್ರೋಗ್ರಾಂ ಆಸುಪಾಸಿಗೆ ಬಂದ ಮಕ್ಕಳಿಗೆ ಮಾತ್ರ ಕೊಡುತ್ತಾರೆ. ಹಾಗಾಗಿ ನಮಗೆ ಸಿಕ್ಕಿದ್ದು ಎರಡೇ ದಾರಿ: ಅಂಗಡಿಯ ಪುಡಿ ಹೊಸ್ತಿಲು ದಾಟಬಾರದು, ಮಗುವಿನ ಹೊಟ್ಟೆ ಖಾಲಿ ಇರಬಾರದು.

ಮೊದಲನೆಯದು ಯಾರಿಗಾದರೂ ಅರ್ಥವಾಗುತ್ತದೆ. ಎರಡನೆಯದನ್ನು ತಾಯಂದಿರ ಸಭೆಯಲ್ಲಿ ಹೇಳಿದಾಗಲೆಲ್ಲ “ಊಟಕ್ಕೂ ಸೀಸಕ್ಕೂ ಏನು ಸಂಬಂಧ” ಎಂಬ ಪ್ರಶ್ನೆ ಬರುವುದರಿಂದ ಅದನ್ನೇ ಸ್ವಲ್ಪ ವಿವರಿಸುತ್ತೇನೆ. ಬಾಯಿಗೆ ಹೋದ ಸೀಸದಲ್ಲಿ ದೊಡ್ಡವರ ದೇಹ ಎಷ್ಟು ಹೀರಿಕೊಳ್ಳುತ್ತದೆಯೋ ಅದರ ನಾಲ್ಕೈದು ಪಟ್ಟನ್ನು ಎಳೆಯ ಮಕ್ಕಳ ದೇಹ ಹೀರಿಕೊಳ್ಳಬಲ್ಲದು. ಕರುಳಿನಲ್ಲಿ ಕಬ್ಬಿಣಾಂಶವನ್ನು ಒಳಗೆ ಕರೆದುಕೊಳ್ಳುವ ವ್ಯವಸ್ಥೆಗೆ ಸೀಸ ಯಾವುದು, ಕಬ್ಬಿಣ ಯಾವುದು ಎಂಬ ಭೇದ ಸರಿಯಾಗಿ ತಿಳಿಯುವುದಿಲ್ಲ. ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದಂತೆ ಆ ಬಾಗಿಲು ಮತ್ತಷ್ಟು ಅಗಲವಾಗಿ ತೆರೆದುಕೊಳ್ಳುತ್ತದೆ ಮತ್ತು ಆಗ ಸೀಸವೂ ಸಲೀಸಾಗಿ ಒಳಹೊಗುತ್ತದೆ. ಕ್ಯಾಲ್ಸಿಯಂ ವಿಷಯದಲ್ಲೂ ಇದೇ ಕಥೆ: ಅದರ ಕೊರತೆಯಿದ್ದಲ್ಲಿ ಸೀಸ ಅದರ ಜಾಗ ಹಿಡಿದು, ಮೂಳೆಯಲ್ಲಿ ಹತ್ತಾರು ವರ್ಷ ಠಿಕಾಣಿ ಹೂಡುತ್ತದೆ. ಆ ಹೆಣ್ಣುಮಗು ಬೆಳೆದು ಬಸಿರಾದಾಗ, ಕೂಸಿಗೆಂದು ಅವಳ ಮೂಳೆಯಿಂದ ಕ್ಯಾಲ್ಸಿಯಂ ಕರಗಿದರೆ ಅದರೊಡನೆ ಸೀಸವೂ ಹೊರಟು ಗರ್ಭಕ್ಕೆ ಸೇರುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂದರೆ ಮೂವರಲ್ಲಿ ಇಬ್ಬರಿಗೆ ಆ ಬಾಗಿಲು ತೆರೆದಿರುವ ಸಾಧ್ಯತೆಯಿದೆ. ಕಬ್ಬಿಣಾಂಶ ಕಡಿಮೆಯಾದ ಮಗುವಿಗೆ ಮಣ್ಣು, ಸುಣ್ಣ, ಹಕ್ಕಳೆ ತಿನ್ನುವ ಬಯಕೆ ಹೆಚ್ಚು. ತಿಂದರೆ ಸೀಸ ಹೊಟ್ಟೆಗೆ ಹೋಗುತ್ತದೆ. ಸೀಸ ರಕ್ತ ತಯಾರಾಗುವುದನ್ನೇ ತಡೆಯುತ್ತದೆ. ನಾನೂ ಅತ್ತೆಯವರೂ ನಕ್ಕದ್ದು ಈ ಸುಳಿಯನ್ನು ನೋಡಿ.

ಇನ್ನು ಖಾಲಿ ಹೊಟ್ಟೆಯ ಮಾತು. ಹೊಟ್ಟೆಯಲ್ಲಿ ಅನ್ನವಿದ್ದಾಗ ಹೋಗುವ ಸೀಸಕ್ಕಿಂತ ಖಾಲಿ ಇದ್ದಾಗ ಹೋಗುವ ಸೀಸ ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆ. ಹತ್ತಿ ಬಿಡಿಸುವ, ಭತ್ತ ನಾಟಿ ಮಾಡುವ ದಿನಗಳಲ್ಲಿ ನಮ್ಮ ಕಡೆಯ ತಾಯಂದಿರು ಬೆಳಕು ಹರಿಯುವ ಮೊದಲೇ ಟಂಟಂ ಗಾಡಿ ಹತ್ತಿ ಹೊಲಕ್ಕೆ ಹೋಗುತ್ತಾರೆ. “ಏನು ತಿಂದು ಬಂದಿ” ಎಂದು ನಾನು ಬೆಳಗ್ಗೆ ಮಕ್ಕಳನ್ನು ಕೇಳಿದರೆ ಹತ್ತರಲ್ಲಿ ಆರು ಮಂದಿಯ ಉತ್ತರ “ಚಾ, ಬಿಸ್ಕತ್ತು”. ಅಷ್ಟರಲ್ಲಾಗಲೇ ಅವರು ರಸ್ತೆಯ ಧೂಳಿನಲ್ಲಿ ಒಂದು ಗಂಟೆ ಆಡಿ ಬಂದಿರುತ್ತಾರೆ. ಚಹಾ ಊಟದಲ್ಲಿರುವ ಕಬ್ಬಿಣಾಂಶವನ್ನೂ ದೇಹಕ್ಕೆ ದಕ್ಕಗೊಡುವುದಿಲ್ಲ. ಐದು ವರ್ಷದೊಳಗಿನ ಮಗುವಿಗೆ ಚಹಾ ಏಕೆ ಬೇಕು ಎಂದು ನಾನು ಎಷ್ಟು ಸಲ ಕೇಳಿದರೂ ಉತ್ತರ ಸಿಕ್ಕಿಲ್ಲ.

ಇದಕ್ಕೆ ಪೇಟೆಯಿಂದ ಡಬ್ಬಿ ತರಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ನಮ್ಮದು ಜೋಳದ ಸೀಮೆಯಾದರೂ ಬೆಳಗಿನ ಗಂಜಿಗಾದರೂ ರಾಗಿ ಬಳಸಬಹುದು. ಸಜ್ಜೆ ರೊಟ್ಟಿ, ಎಳ್ಳು, ಗುರೆಳ್ಳು ಚಟ್ನಿ, ಮೊಳಕೆ ಕಟ್ಟಿದ ಮಡಕಿ ಕಾಳು, ಮೊಟ್ಟೆ, ಮೊಸರು ಇವೆಲ್ಲ ನಮ್ಮ ಅಡುಗೆಮನೆಯವೇ. ಸೊಪ್ಪು, ಕಾಳುಗಳ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತಬೇಕಾದರೆ ಜೊತೆಗೆ ವಿಟಮಿನ್ ಸಿ ಇರುವ ಹುಳಿಯೋ ಹಣ್ಣೋ ಇರಬೇಕು. ಪಲ್ಯದ ಮೇಲೆ ಹಿಂಡಿದ ಅರ್ಧ ನಿಂಬೆ, ಊಟದ ಜೊತೆ ಒಂದು ಪೇರಲ ಹಣ್ಣು ಆ ಕೆಲಸ ಮಾಡುತ್ತವೆ. ನನ್ನ ಮಗಳು ನುಗ್ಗೆ ಸೊಪ್ಪಿನ ಪಲ್ಯವನ್ನು ಮೂರು ದಿನ ಉಗುಳಿದಳು. ನಾಲ್ಕನೆಯ ದಿನ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ ಮತ್ತು ಎಳ್ಳಿನ ಜೊತೆ ಜೋಳದ ಹಿಟ್ಟಿಗೆ ಕಲಸಿ ಅಂಗೈಯಗಲದ ರೊಟ್ಟಿ ತಟ್ಟಿ ಕೊಟ್ಟೆ, ಎರಡು ತಿಂದಳು. ಒಂದು ಎಚ್ಚರಿಕೆ: ಹಾಲು ಕುಡಿಸಿದ ಕೂಡಲೇ ಕಬ್ಬಿಣಾಂಶದ ಸಿರಪ್ ಹಾಕಬಾರದು, ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಎರಡರ ನಡುವೆ ಒಂದೆರಡು ಗಂಟೆಯ ಅಂತರವಿರಲಿ.

ಊಟದಿಂದಲೇ ಸೀಸ ಇಳಿಯಿತು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ಅದು ಸುಳ್ಳಾಗುತ್ತದೆ. ನಮ್ಮ ಮನೆಯವರು ಅಂಗಡಿಯಲ್ಲೇ ಕೈಕಾಲು ತೊಳೆದು ಬಟ್ಟೆ ಬದಲಿಸಿ ಬರತೊಡಗಿದರು, ಕೆಲಸದ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ಒಗೆದೆವು, ಕಸಬರಿಗೆ ಬಿಟ್ಟು ಒದ್ದೆ ಬಟ್ಟೆಯಿಂದ ನೆಲ ಒರೆಸಿದೆವು, ತುತ್ತಿಗೆ ಮೊದಲು ಸೋಪು ಎಂಬ ನಿಯಮ ಮಾಡಿದೆವು. ಇವೆಲ್ಲದರ ಜೊತೆಗೆ ಊಟ. 14 ತಿಂಗಳ ನಂತರದ ಪರೀಕ್ಷೆಯಲ್ಲಿ 8 ಬಂತು. ಆದರೆ ಸೀಸದಿಂದ ಮಿದುಳಿಗೆ ಆದ ಪೆಟ್ಟು ಪೂರ್ತಿ ವಾಸಿಯಾಗುವಂಥದ್ದಲ್ಲ ಎಂದು ವೈದ್ಯರು ಮೊದಲೇ ತಿಳಿಸಿದ್ದರು. ಈಗ ಎರಡನೆಯ ತರಗತಿಯಲ್ಲಿರುವ ಅವಳು ಮಗ್ಗಿ ಮರೆತಾಗಲೆಲ್ಲ ನನಗೆ ಆ 19 ನೆನಪಾಗುತ್ತದೆ.

ಬ್ಯಾಟರಿಯ ಅಂಗಡಿ ಇಲ್ಲದ ಮನೆಗಳೂ ನಿಶ್ಚಿಂತೆಯಿಂದ ಇರುವಂತಿಲ್ಲ. ಅರಿಶಿನದ ಹೊಳಪಿಗಾಗಿ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸಿದ ಪ್ರಕರಣಗಳು ದೇಶದ ಕೆಲವೆಡೆ ಸಿಕ್ಕಿವೆ. ಹೊಳಪು ಕೊಡದ ಕೊಂಬು ತಂದು ಗಿರಣಿಯಲ್ಲಿ ಬೀಸಿಸಿಕೊಳ್ಳುವುದು ವಾಸಿ. ಜಾತ್ರೆ, ಉರುಸುಗಳಲ್ಲಿ ಮಾರುವ ಕಲ್ಲಿನ ಸುರ್ಮಾ ಬಹಳ ಸಲ ಸೀಸದ ಅದಿರೇ ಆಗಿರುತ್ತದೆ, ಮನೆಯಲ್ಲಿ ದೀಪಕ್ಕೆ ಹಿಡಿದ ಕಾಡಿಗೆಯಲ್ಲ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದ್ದರೂ ಅದಕ್ಕಿಂತ ಹಳೆಯ ಕದ, ಕಿಟಕಿಗಳು ಎಲ್ಲ ಓಣಿಗಳಲ್ಲೂ ಇವೆ. ದಸರೆಯ ಸಮಯಕ್ಕೆ ಅವನ್ನು ಕೆರೆದು ಉಜ್ಜುವಾಗ ಮಕ್ಕಳನ್ನು ದೂರ ಇಡಬೇಕು. ಶಾಲೆಯ ಸೀಸದ ಕಡ್ಡಿಗೆ ಮಾತ್ರ ಯಾರೂ ಹೆದರಬೇಕಾಗಿಲ್ಲ. ಹೆಸರಿನಲ್ಲಿ ಸೀಸವಿದ್ದರೂ ಅದರೊಳಗಿರುವುದು ಗ್ರಾಫೈಟ್.

ಜಿಲ್ಲಾಡಳಿತದ ಮುಂದೆ ನನ್ನ ಬೇಡಿಕೆಗಳು ದೊಡ್ಡವಲ್ಲ. ತಾಯಿ ಕಾರ್ಡಿನಲ್ಲಿ ಮನೆಯವರ ಉದ್ಯೋಗ ಕೇಳುವ ಒಂದು ಸಾಲಿರಲಿ, ಬ್ಯಾಟರಿ, ಗುಜರಿ, ಪೇಂಟಿಂಗ್ ಎಂದು ಬರೆದ ಕಡೆಯ ಮಕ್ಕಳ ರಕ್ತಪರೀಕ್ಷೆಗೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲೇ ಏರ್ಪಾಡಾಗಲಿ. ಮೊಟ್ಟೆ, ಹಾಲಿನ ಪುಡಿ, ಸಿರಪ್ ತಿಂಗಳ ಮೊದಲ ವಾರವೇ ಅಂಗನವಾಡಿ ಸೇರಲಿ. ಹತ್ತಿ ಮತ್ತು ನಾಟಿಯ ತಿಂಗಳುಗಳಲ್ಲಿ ಮಗು ಬಾಗಿಲಿಗೆ ಬಂದ ಕೂಡಲೇ ಕೈ ತೊಳೆಸಿ ಒಂದು ಬಟ್ಟಲು ಗಂಜಿ ಕೊಡಲು ಅನುಮತಿಯೂ ಸಾಮಗ್ರಿಯೂ ಸಿಗಲಿ. ಹಳೆಯ ಬ್ಯಾಟರಿಗಳನ್ನು ಕಂಪನಿಗಳೇ ವಾಪಸು ಪಡೆಯಬೇಕೆಂಬ 2022ರ ನಿಯಮ ತಾಲ್ಲೂಕು ಮಟ್ಟದಲ್ಲಿ ಕಾಣುವಂತಾಗಲಿ. ಆದರೆ ಈ ಪತ್ರ ಓದಿದ ಅಧಿಕಾರಿಗಳು ಸಣ್ಣ ಅಂಗಡಿಗಳ ಮೇಲೆ ದಾಳಿಗೆ ಹೊರಡಬಾರದೆಂದು ಕೈಮುಗಿದು ಕೇಳುತ್ತೇನೆ. ಅಂಗಡಿ ಮುಚ್ಚಿಸಿದರೆ ಆ ಕೆಲಸ ನಿಲ್ಲುವುದಿಲ್ಲ, ಮನೆಯ ಹಿತ್ತಲಿಗೆ ಬರುತ್ತದೆ, ಮಕ್ಕಳು ಆಡುವುದು ಅಲ್ಲಿಯೇ. ಅದರ ಬದಲು ಆ ಓಣಿಗೆ ಒಂದು ನಲ್ಲಿ, ಒಂದು ಬಟ್ಟೆ ಬದಲಿಸುವ ಕೋಣೆ ಕಟ್ಟಿಸಿಕೊಡಲಿ.

ಇಂತಿ,
ಓರ್ವ ಅಂಗನವಾಡಿ ಕಾರ್ಯಕರ್ತೆ,
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ